ಗಂಟಿಲ್ಲದ ಜಡೆ

ಮಾರ್ಚ್ 5, ಗುರುವಾರ

ಮಗಳೇ,

ಜೂನ್ ಹದಿನೈದಕ್ಕೆ ನಿನ್ನ ಮದುವೆ. ಈ ಸುದ್ದಿ ನನಗೆ ತಿಳಿಸಿದ್ದು ನೀನಲ್ಲ, ನಿನ್ನ ಚಿಕ್ಕಮ್ಮ. ನಿನ್ನೆ ಫೋನ್ ಮಾಡಿದಳು. ನಾನು ಜಡೆ ಅಂಗಡಿಯಲ್ಲಿ ಒಬ್ಬಾಕೆಯ ತಲೆಯಲ್ಲಿ ಎರಡೂ ಕೈ ಇಟ್ಟುಕೊಂಡು, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಿದ್ದೆ. "ಅಯ್ಯೋ, ನಿನಗೆ ಗೊತ್ತಿಲ್ವಾ ಅಕ್ಕ? ಗೊತ್ತು ಅಂದ್ಕೊಂಡೇ ಮಾತಾಡ್ತಾ ಇದ್ದೀನಿ" ಅಂದಳು. "ಗೊತ್ತಿಲ್ದೆ ಏನು, ನಾನು ಅವಳ ತಾಯಿ ಅಲ್ವಾ" ಅಂದೆ. ಕುರ್ಚಿಯಲ್ಲಿ ಕೂತಿದ್ದಾಕೆ ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಮಗಳ ಮದುವೆನಾ? ಒಳ್ಳೇದಾಗ್ಲಿ ಬಿಡಿ" ಅಂದಳು. ಹೀಗೆ ನನಗಿಂತ ಮೊದಲು ನನ್ನ ಗಿರಾಕಿ ಸಂತೋಷಪಟ್ಟಳು.

ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಬೈಯುತ್ತೇನೆ, ನೀನು ಸಿಗ್ನಲ್ ಇಲ್ಲ ಅನ್ನುತ್ತೀಯ. ನೀನು ಊರು ಬಿಟ್ಟ ಹತ್ತು ವರ್ಷದಲ್ಲಿ ನಾವು ಆಡಿದ ಒಳ್ಳೆಯ ಮಾತೆಲ್ಲ ಕಾಗದದಲ್ಲೇ ಇದೆ. ಹಾಗೇ ಇರಲಿ.

ಹುಡುಗ ಯಾರು, ಏನು ಕೆಲಸ, ಮನೆಯಲ್ಲಿ ಯಾರಿದ್ದಾರೆ ಎಂದು ನಾನು ಕೇಳುವುದಿಲ್ಲ. ಕೇಳಬೇಕಾದ ವಯಸ್ಸಿನಲ್ಲಿ ನೀನಿದ್ದೀಯ, ಕೇಳಿರುತ್ತೀಯ. ನೋಂದಣಿ ಕಚೇರಿಯಲ್ಲಿ ಸಹಿ ಹಾಕಿ ಮುಗಿಸುತ್ತೀರಂತೆ. ಅದಕ್ಕೂ ನನ್ನ ತಕರಾರಿಲ್ಲ. ಜಡೆ ಮಾತ್ರ ನಾನು ಹಾಕುತ್ತೇನೆ.

ಹೋದ ತಿಂಗಳಿಂದ ನಾನು ಪಾಠಕ್ಕೆ ಹೋಗುತ್ತಿದ್ದೇನೆ. ನಗಬೇಡ. ಮಂಗಳವಾರ ಅಂಗಡಿಗೆ ರಜೆಯಲ್ಲವೇ, ಅವತ್ತು. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಬ್ಬ ಟೀಚರಮ್ಮ ಕಲಿಸುತ್ತಾಳೆ. ನಿನಗಿಂತ ಎರಡು ವರ್ಷ ಚಿಕ್ಕವಳು. ಕಲಿಯುವವರು ಆರು ಜನ, ಅದರಲ್ಲಿ ನಾನೇ ಅಜ್ಜಿ. ಗಂಟಿಲ್ಲದ ಜಡೆ ಅಂತ ಅದರ ಹೆಸರು. ನಾವು ಹಾಕುತ್ತಿದ್ದುದರಲ್ಲಿ ಚೌರಿಯನ್ನು ಬುಡದಲ್ಲೇ ಗಂಟು ಹಾಕಿ ಹೆಣಿಗೆ ಶುರುಮಾಡುತ್ತೇವಲ್ಲ, ಇದರಲ್ಲಿ ಹಾಗಲ್ಲ. ಮೊದಲು ಅವರ ಕೂದಲನ್ನೇ ಮೂರು ಕಾಲು ಮಾಡಿ ನಾಲ್ಕೈದು ಹೆಣಿಗೆ ಹಾಕಬೇಕು. ಆಮೇಲೆ ಚೌರಿಯ ಎಳೆಯನ್ನು ತೆಳ್ಳಗೆ, ಒಂದಾದ ಮೇಲೊಂದು, ಒಳಗೆ ಸೇರಿಸುತ್ತಾ ಹೋಗಬೇಕು. ಬುಡಕ್ಕೆ ಭಾರವೇ ಇಲ್ಲ. ಹುಡುಗಿಯರು ಎಕ್ಸ್‌ಟೆನ್ಶನ್ ಅನ್ನುತ್ತಾರೆ, ನಾನು ಚೌರಿ ಅಂತಲೇ ಅನ್ನುತ್ತೇನೆ, ಟೀಚರಮ್ಮ ಎರಡನ್ನೂ ತಿದ್ದುವುದಿಲ್ಲ. ಗಿರಾಕಿಗಳು ಇದನ್ನೇ ಕೇಳುತ್ತಿದ್ದಾರೆ, ಅದಕ್ಕೇ ಕಲಿಯುತ್ತಿದ್ದೇನೆ.

ನಿನ್ನ ಕೂದಲು ಈಗ ಎಷ್ಟು ಉದ್ದವಿದೆ ಅಳೆದು ಬರೆ. ಹಣೆಯ ಮುಂದಿನದನ್ನೂ ಕಿವಿಯ ಮೇಲಿನದನ್ನೂ ಬೇರೆಯಾಗಿ ನೋಡಿ ಬರೆ. ಕತ್ತರಿಸಬೇಡ.

ಅಮ್ಮ


ಮಾರ್ಚ್ 19, ಗುರುವಾರ

ಅಮ್ಮಾ,

ತಪ್ಪು ನನ್ನದೇ. ತಾರೀಕು ಖಚಿತವಾದ ಮೇಲೆ ಹೇಳೋಣ ಎಂದುಕೊಂಡೆ. ಚಿಕ್ಕಮ್ಮನಿಗೆ ಹೇಳಿ ಒಂದು ಗಂಟೆ ಆಗಿರಲಿಲ್ಲ, ನಿನಗೆ ಮುಟ್ಟಿತು. ಅವಳ ಹೊಟ್ಟೆಯಲ್ಲಿ ಅನ್ನ ಅರಗುತ್ತದೆ, ಮಾತು ಅರಗುವುದಿಲ್ಲ.

ನೀನು ಕೇಳುವುದಿಲ್ಲ ಎಂದರೂ ಹೇಳುತ್ತೇನೆ. ನಮ್ಮ ಕನ್ನಡಕದ ಅಂಗಡಿಗೆ ಲೆನ್ಸ್ ತಂದುಕೊಡುವ ವ್ಯಾನ್ ಇದೆಯಲ್ಲ, ಅದನ್ನು ಓಡಿಸುವವರು ಅವರು. ವಯಸ್ಸು ಮೂವತ್ತೊಂದು. ಅಪ್ಪ ಅಮ್ಮ ಇಲ್ಲ. ಒಬ್ಬ ಅಣ್ಣ, ಹಡಗಿನಲ್ಲಿ ಕೆಲಸ, ವರ್ಷಕ್ಕೊಮ್ಮೆ ನೆಲ ನೋಡುತ್ತಾರೆ. ಕಡಿಮೆ ಮಾತು. ಲೆನ್ಸಿನ ಪೆಟ್ಟಿಗೆಗಳನ್ನು ಮೆಟ್ಟಿಲ ಮೇಲೆ ಮೊಟ್ಟೆ ಇಟ್ಟ ಹಾಗೆ ಇಡುತ್ತಾರೆ. ನಾನು ಮೊದಲು ನೋಡಿದ್ದು ಅದನ್ನು. ಇನ್ನೊಂದು ವಿಷಯ, ಅವರ ತಲೆ ಪೂರ್ತಿ ಬೋಳು. ಆ ಕಡೆ ನಿನ್ನ ಕೈಗೆ ಕೆಲಸವೇ ಇಲ್ಲ.

ಜಡೆ ಬೇಡಮ್ಮ. ಹತ್ತು ನಿಮಿಷದ ಸಹಿ, ಅದಕ್ಕೆ ಎಂಟು ಗಂಟೆ ಕುರ್ಚಿಯಲ್ಲಿ ಕೂರುವುದೇಕೆ. ಇಲ್ಲಿ ಇಡೀ ದಿನ ನಿಂತೇ ಇರುತ್ತೇನೆ. ಗಿರಾಕಿಯ ಎರಡು ಕಣ್ಣಿನ ಗೊಂಬೆಗಳ ನಡುವೆ ಎಷ್ಟು ದೂರ ಎಂದು ಅಳೆಯುವುದು, ಕನ್ನಡಕದ ಕಡ್ಡಿಯನ್ನು ಬಿಸಿ ಮಾಡಿ ಅವರ ಕಿವಿಗೆ ತಕ್ಕಂತೆ ಬಗ್ಗಿಸುವುದು. ಕೂರಲು ಸಿಕ್ಕಿದರೆ ಸುಮ್ಮನೆ ಕೂರುತ್ತೇನೆ, ಯಾರ ಕೈಗೂ ತಲೆ ಕೊಡುವುದಿಲ್ಲ.

ನಿನ್ನ ಬೆರಳು ಹೇಗಿದೆ? ಆರು ಜನರಲ್ಲಿ ಅಜ್ಜಿ ಎಂದು ಬರೆದಿದ್ದೀಯ. ಟೀಚರಮ್ಮನಿಗೆ ನಿನ್ನ ಬಾಯಿ ಪರಿಚಯವಾಯಿತೇ?

ನಿನ್ನ ಮಗಳು


ಮಾರ್ಚ್ 27, ಶುಕ್ರವಾರ

ಮಗಳೇ,

ಅಳತೆ ಕೇಳಿದ್ದೆ, ಅಳತೆ ಬರಲಿಲ್ಲ. ಎರಡು ಕಣ್ಣಿನ ನಡುವೆ ಎಷ್ಟು ದೂರ ಎಂದು ಊರಿನವರದೆಲ್ಲ ಅಳೆಯುವವಳಿಗೆ ಸ್ವಂತ ಕೂದಲು ಅಳೆಯಲು ಕೈ ಬರಲಿಲ್ಲ.

ಅಳಿಯನಿಗೆ ಕೂದಲಿಲ್ಲದಿದ್ದರೆ ಚಿಂತೆಯಿಲ್ಲ, ಎಣ್ಣೆ ಉಳಿಯಿತು.

ಟೀಚರಮ್ಮನಿಗೆ ನನ್ನ ಬಾಯಿ ಪರಿಚಯವಾಗಿದೆ, ನನಗೆ ಅವಳದು. ಅವಳು ನಮ್ಮ ಕೈಗೆ ಕೂದಲೇ ಕೊಡುವುದಿಲ್ಲ. ತೆಳು ಕಾಗದದ ಪಟ್ಟಿ ಕೊಡುತ್ತಾಳೆ, ಮಿಠಾಯಿ ಡಬ್ಬಿಯಲ್ಲಿ ಹಾಸಿರುತ್ತಾರಲ್ಲ, ಅಂಥದು. ಮೂರು ಪಟ್ಟಿ ಹೆಣೆಯಬೇಕು, ಹರಿಯಬಾರದು. ಮೊದಲ ದಿನ ಹದಿನೇಳು ಹರಿದೆ. "ಎಷ್ಟು ವರ್ಷ ಆಯ್ತು ಆಂಟಿ ಜಡೆ ಹಾಕೋಕೆ ಶುರುಮಾಡಿ?" ಅಂತ ಕೇಳಿದಳು. ಇಪ್ಪತ್ತು ಅಂದೆ. "ಹಾಗಾದ್ರೆ ಮರೆಯೋಕೆ ಎರಡು ವರ್ಷನಾದ್ರೂ ಬೇಕು" ಅಂದಳು. ಪಕ್ಕದ ಹುಡುಗಿಯರು ಕಿಸಕ್ಕೆಂದರು. ನನ್ನ ಎಳೆತವೆಲ್ಲ ಕಿರುಬೆರಳಿನಲ್ಲಿದೆಯಂತೆ. ಹೆಣಿಗೆ ಮುಗಿದಾಗ ಕಿರುಬೆರಳು ತಾನಾಗಿಯೇ ಒಂದು ಸಲ ಜಗ್ಗುತ್ತದೆ. ನನಗೇ ಗೊತ್ತಾಗದಂತೆ. ಈಗ ಆ ಬೆರಳಿಗೆ ಬಟ್ಟೆ ಕಟ್ಟಿಕೊಂಡು ಅಭ್ಯಾಸ ಮಾಡುತ್ತಿದ್ದೇನೆ.

ನಮ್ಮ ಅಂಗಡಿ ನಡೆದದ್ದೇ ಆ ಎಳೆತದಿಂದ, ನಿನಗೆ ನೆನಪಿದೆಯಲ್ಲ. "ಅವರ ಹತ್ರ ಹಾಕ್ಸು, ಎರಡು ತಿಂಗಳು ಅಲ್ಲಾಡಲ್ಲ" ಅಂತ ಜನ ಹೇಳುತ್ತಿದ್ದರು. ಹುಬ್ಬು ಒಂದು ನೂಲು ಮೇಲೆ ಏರಿದರೆ ಜಡೆ ಸರಿಯಾಗಿದೆ ಎಂದು ಲೆಕ್ಕ. ನಿನ್ನಪ್ಪ ಹೋದ ಮೇಲೆ ಒಂದೇ ಕುರ್ಚಿ ಹಾಕಿಕೊಂಡು ಕೂತಾಗ ಬೋರ್ಡ್ ಬರೆಸುವ ಗತಿ ಇರಲಿಲ್ಲ. ಎಂಟು ವರ್ಷದ ನಿನ್ನನ್ನು ಗಾಜಿನ ಕಿಟಕಿಯ ಹತ್ತಿರ ಪುಸ್ತಕ ಕೊಟ್ಟು ಕೂರಿಸಿದೆ. ನಿನ್ನ ತಲೆಯೇ ನಮ್ಮ ಬೋರ್ಡ್. ಪ್ರತಿ ಭಾನುವಾರ ಮುಂದಿನ ಸಾಲುಗಳನ್ನು ಬಿಚ್ಚಿ ಹೊಸದಾಗಿ ಹಾಕುತ್ತಿದ್ದೆ, ಸೋಮವಾರ ಹೊಳೆಯಬೇಕಲ್ಲ.

ಅದಿರಲಿ. ಜಡೆ ಬೇಡ ಎಂದು ನೀನು ಬರೆದದ್ದನ್ನು ನಾಲ್ಕು ಸಲ ಓದಿದೆ. ಜಡೆ ಹೆಣೆಯುವವಳ ಮಗಳು ಎಂದು ನಾಲ್ಕು ಜನರಿಗೆ ಗೊತ್ತಾಗಬಾರದು ಎಂದೇನಾದರೂ ಇದ್ದರೆ ನೇರವಾಗಿ ಹೇಳಿಬಿಡು. ನಿನ್ನ ಅಂಗಡಿಯವರು ಬಿಳಿ ಕೋಟು ಹಾಕುವ ಜನ. ನನಗೆ ಬೇಜಾರಿಲ್ಲ.

ಅಮ್ಮ


ಏಪ್ರಿಲ್ 3, ಶುಕ್ರವಾರ

ಅಮ್ಮಾ,

ಬೇಜಾರಿಲ್ಲ ಎಂದು ನೀನು ಬರೆದರೆ ಎಷ್ಟು ಬೇಜಾರಾಗಿದೆ ಎಂದು ನನಗೆ ಗೊತ್ತಾಗುತ್ತದೆ.

ಮೊದಲನೆಯ ದಿನವೇ ಅವರಿಗೆ ಹೇಳಿದ್ದೇನೆ, ನಮ್ಮಮ್ಮ ಜಡೆ ಹಾಕುತ್ತಾಳೆ, ನನ್ನನ್ನು ಓದಿಸಿದ್ದು ಆ ಹತ್ತು ಬೆರಳು ಎಂದು. ಅದಕ್ಕೆ ಅವರು, "ಹಾಗಾದ್ರೆ ನನ್ನನ್ನ ನೋಡಿ ಅತ್ತೆಗೆ ನಷ್ಟ ಅನ್ಸುತ್ತೇನೋ" ಅಂದರು. ಅಂಗಡಿಯ ಬಿಳಿ ಕೋಟಿನವರಿಗೂ ಗೊತ್ತು. ಒಬ್ಬಾಕೆ ನಿನ್ನ ವಿಳಾಸ ಕೇಳಿದ್ದಾಳೆ. ನನಗೆ ನಾಚಿಕೆಯಿಲ್ಲ. ಯಾವತ್ತೂ ಇರಲಿಲ್ಲ. ಶಾಲೆಯಲ್ಲಿ ಹುಡುಗಿಯರು ಸಾಲಾಗಿ ನಿಂತು ನನ್ನ ಜಡೆ ಮುಟ್ಟಿ ನೋಡುತ್ತಿದ್ದರು. ಆ ಸಾಲಿನ ಮುಂದೆ ನಾನು ರಾಣಿ.

ನನಗೆ ನಿನ್ನಿಂದ ಬೇಕಾದದ್ದು ಬೇರೆ. ನೋಂದಣಿ ಕಚೇರಿಯಲ್ಲಿ ಇಬ್ಬರು ಸಾಕ್ಷಿಗಳು ಸಹಿ ಮಾಡಬೇಕು. ಅವರ ಕಡೆಯಿಂದ ಅಣ್ಣ, ಹಡಗಿನಿಂದ ರಜೆ ಸಿಕ್ಕಿದೆ. ನನ್ನ ಕಡೆಯಿಂದ ನೀನು. ನಮೂನೆಯಲ್ಲಿ ಹೆಸರಿನ ಮುಂದೆ "ಸಂಬಂಧ" ಎಂದು ಒಂದು ಖಾನೆ ಇದೆ. ಅಲ್ಲಿ "ತಾಯಿ" ಎಂದು ಪೆನ್ಸಿಲಿನಲ್ಲಿ ಈಗಲೇ ಬರೆದಿಟ್ಟಿದ್ದೇನೆ. ಬಾಚಣಿಗೆ ತರಬೇಡ, ಚೌರಿ ತರಬೇಡ. ಕೈ ಬೀಸಿಕೊಂಡು ಬಾ. ನೀನು ಎರಡೂವರೆ ವರ್ಷದಿಂದ ನನ್ನ ಮುಖ ನೋಡಿಲ್ಲ, ನಾನು ನಿನ್ನದು ನೋಡಿಲ್ಲ. ರಜೆ ಸಿಗಲಿಲ್ಲ ಎಂದು ಪ್ರತಿ ಸಲ ನಾನೇ ಬರೆಯುತ್ತಿದ್ದೆ. ಈ ಸಲ ಅದು ಬೇಡ.

ನಿನ್ನ ಮಗಳು


ಏಪ್ರಿಲ್ 22, ಬುಧವಾರ

ಮಗಳೇ,

ಗಂಟಿಲ್ಲದ ಜಡೆ ಅಂಗಡಿಗೆ ಬಂತು. ಸೋಮವಾರ ಮೊದಲನೆಯದನ್ನು ಹಾಕಿದೆ. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಮೇಡಂ. ಆರು ಗಂಟೆ ಐವತ್ತು ನಿಮಿಷ ಹಿಡಿಯಿತು. ಹಳೆಯ ರೀತಿಯಲ್ಲಾದರೆ ನಾಲ್ಕರಲ್ಲಿ ಎಬ್ಬಿಸುತ್ತಿದ್ದೆ.

ಆಕೆಯ ಕೂದಲಿನಲ್ಲಿ ಅಡ್ಡಡ್ಡ ಬೈತಲೆ ತೆಗೆದು, ಇಟ್ಟಿಗೆ ಕಟ್ಟಿದ ಹಾಗೆ ಚೌಕ ಚೌಕ ಮಾಡಿಕೊಂಡೆ. ಒಂದು ಚೌಕಕ್ಕೆ ಒಂದು ಜಡೆ. ಮೊದಲ ಚೌಕದ ಜಡೆಯನ್ನು ಒಂದು ಸಲ ಬಿಚ್ಚಿ ಮತ್ತೆ ಹಾಕಿದೆ. ಆಕೆ ಕುತ್ತಿಗೆ ಗಟ್ಟಿ ಮಾಡಿಕೊಂಡು ಕೂತಿದ್ದಳು. ನನ್ನ ಗಿರಾಕಿಗಳೆಲ್ಲ ಹಾಗೇ ಕೂರುತ್ತಾರೆ, ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ. ಹತ್ತು ನಿಮಿಷವಾಯಿತು. "ಶುರು ಮಾಡಿದ್ರಾ ಇಲ್ವಾ?" ಅಂದಳು. ಮೂರು ಜಡೆ ಆಗಿದೆ ಮೇಡಂ ಅಂದೆ. "ಸುಳ್ಳು ಹೇಳ್ಬೇಡಿ, ನೋವೇ ಆಗ್ಲಿಲ್ಲ" ಅಂತ ಕೈಯಿಂದ ಮುಟ್ಟಿ ನೋಡಿಕೊಂಡಳು. ಆಮೇಲೆ ನಿದ್ದೆ ಹೋದಳು. ನನ್ನ ಕುರ್ಚಿಯಲ್ಲಿ ಯಾರೂ ನಿದ್ದೆ ಹೋದದ್ದನ್ನು ನಾನು ನೋಡಿರಲಿಲ್ಲ. ಆಕೆಯ ತಲೆ ಎದೆಗೆ ಬಾಗಿತ್ತು. ನಾನು ಹಿಂದೆ ಹೋಗಿ ನಲ್ಲಿ ಬಿಟ್ಟು ಸ್ವಲ್ಪ ಹೊತ್ತು ನಿಂತಿದ್ದು ಬಂದೆ.

ಅವತ್ತೇ ಸಂಜೆ ನಿನಗೆ ಚೌರಿ ತಂದೆ. ಬಣ್ಣ ನೆನಪಿನಿಂದಲೇ ಆರಿಸಿದೆ, ಕಪ್ಪಲ್ಲ, ಕಪ್ಪಿಗೆ ಒಂದು ಮೆಟ್ಟಿಲು ಕೆಳಗೆ. ವಿನೆಗರ್ ನೀರಿನಲ್ಲಿ ನೆನೆಹಾಕಿ, ಅದಕ್ಕೆ ಸವರಿರುವ ಮದ್ದು ನೊರೆಯಾಗಿ ಮೇಲೆ ಬಂದ ಮೇಲೆ ತೊಳೆದು ಒಣಗಿಸಿದ್ದೇನೆ. ಹಾಗೆ ಮಾಡದಿದ್ದರೆ ತಲೆ ಕಡಿಯುತ್ತದಂತೆ. ಇಷ್ಟು ವರ್ಷ ಯಾರೂ ನನಗೆ ಹೇಳಿರಲಿಲ್ಲ.

ಸಾಕ್ಷಿ ಸಹಿಗೆ ಖಂಡಿತ ಬರುತ್ತೇನೆ. ಜೂನ್ ಹನ್ನೆರಡನೇ ತಾರೀಕು ಶುಕ್ರವಾರದ ಬಸ್ಸಿಗೆ ಸೀಟು ಹಿಡಿದಿದ್ದೇನೆ. ಶನಿವಾರ ನೀನು ನನ್ನ ಮುಂದೆ ಕೂತರೆ ಸಾಕು. ಮುಂದಿನ ಕೂದಲು ಸ್ವಲ್ಪ ತೆಳುವಾಗಿದ್ದರೂ ಪರವಾಗಿಲ್ಲ, ಟೀಚರಮ್ಮ ಅದಕ್ಕೂ ದಾರಿ ತೋರಿಸಿದ್ದಾಳೆ. ಎಳೆಯುವುದಿಲ್ಲ. ಕಿರುಬೆರಳಿನ ಆಣೆ.

ಅಮ್ಮ


ಮೇ 5, ಮಂಗಳವಾರ

ಅಮ್ಮಾ,

ಚೌರಿ ತೊಳೆದು ಒಣಗಿಸಿದ್ದೇನೆ ಎಂದು ನೀನು ಬರೆದ ಮೇಲೆ ಸುಮ್ಮನಿರುವುದು ಅನ್ಯಾಯವಾಗುತ್ತದೆ. ನಿಧಾನವಾಗಿ ಓದು. ಅಂಗಡಿಯಲ್ಲಿ ಓದಬೇಡ.

ನನಗೆ ಮುಂದಲೆಯಲ್ಲಿ ಕೂದಲಿಲ್ಲ. ಹಣೆಯ ಮೇಲೆ ಮೂರು ಬೆರಳಗಲ, ಎರಡು ಕಿವಿಗಳ ಮೇಲೆ ಅದಕ್ಕಿಂತ ಸ್ವಲ್ಪ ಹೆಚ್ಚು. ಒಂದೇ ಸಲ ಹೋಗಿದ್ದಲ್ಲ. ಇಲ್ಲಿಗೆ ಬಂದ ಹೊಸದರಲ್ಲೇ ಕೂದಲಿನ ಗೆರೆ ಹಿಂದೆ ಸರಿಯುತ್ತಿತ್ತು. ಕೂದಲು ಬಿಟ್ಟರೆ ಬರುತ್ತದೆ ಎಂದುಕೊಂಡೆ. ಜಡೆ ಹಾಕಿಸುವುದನ್ನು ಬಿಟ್ಟು ಎಂಟು ವರ್ಷ ಕಾದೆ. ಅಂಗಡಿಗೆ ಬರುವ ಹಿರಿಯರು "ಅಗಲ ಹಣೆಯಮ್ಮ ನಿನ್ನದು, ಅದೃಷ್ಟ" ಅನ್ನುತ್ತಿದ್ದರು. ನಾನು ಅವರಿಗೆ ಕನ್ನಡಕ ತೊಡಿಸಿ ನಗುತ್ತಿದ್ದೆ.

ಎರಡು ವರ್ಷದ ಹಿಂದೆ ಚರ್ಮದ ಡಾಕ್ಟರ ಹತ್ತಿರ ಹೋದೆ. ದೀಪವಿರುವ ಮಸೂರ ಹಿಡಿದು ಒಂದೊಂದು ಅಂಗುಲವನ್ನೂ ನೋಡಿದರು. ಅಲ್ಲಿಯ ಚರ್ಮ ಹಳೆಯ ಗಾಯದ ಹಾಗೆ ನುಣುಪಾಗಿದೆ. ಬೇರುಗಳು ಬಾಯಿ ಮುಚ್ಚಿಕೊಂಡಿವೆ, ಇನ್ನು ಬರುವುದಿಲ್ಲ ಎಂದರು. ವರ್ಷಗಟ್ಟಲೆ ಬಿಗಿಯಾಗಿ ಎಳೆದರೆ ಹೀಗಾಗುತ್ತದಂತೆ. "ಯಾರು ಹಾಕ್ತಿದ್ರು ಜಡೆ?" ಎಂದು ಕೇಳಿದರು. ಹಾಸ್ಟೆಲಿನ ಗೆಳತಿಯರು ಎಂದು ಹೇಳಿದೆ. ನಾನು ಯಾವ ಹಾಸ್ಟೆಲಿನಲ್ಲೂ ಇರಲಿಲ್ಲ ಎಂದು ನಿನಗೆ ಗೊತ್ತು.

ಹೊರಗೆ ಬಂದು ಹಿಂದಿನ ಕೂದಲನ್ನೂ ಗಿಡ್ಡ ಮಾಡಿಸಿದೆ. ತಲೆಗೆ ಬಟ್ಟೆ ಕಟ್ಟುತ್ತೇನೆ. ರಜೆ ಸಿಗಲಿಲ್ಲ ಎಂದು ಬರೆದದ್ದೆಲ್ಲ ಇದಕ್ಕಾಗಿ. ಅವರಿಗೆ ತೋರಿಸಿದ ದಿನ ಅವರು ತಮ್ಮ ತಲೆ ಸವರಿಕೊಂಡು, "ಸರಿ, ಮನೆಗೆ ಬಾಚಣಿಗೆ ತರೋದು ಬೇಡ" ಅಂದರು. ಇಬ್ಬರೂ ನಕ್ಕೆವು. ನಿನ್ನ ಮುಂದೆ ಹಾಗೆ ನಗಲು ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅಮ್ಮಾ, ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಆಗ ಯಾರಿಗೂ ಇದು ತಿಳಿದಿರಲಿಲ್ಲ. ನಿನಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಒಂದು ಕೂದಲನ್ನೂ ಎಳೆಯುತ್ತಿರಲಿಲ್ಲ. ಎರಡು ವರ್ಷ ನನ್ನನ್ನು ಬೀಳದಂತೆ ನಿಲ್ಲಿಸಿದ್ದು ಇದೊಂದು ಮಾತು. ಕನ್ನಡಿ ನೋಡಿದಾಗಲೆಲ್ಲ ಇದನ್ನೇ ಹೇಳಿಕೊಂಡಿದ್ದೇನೆ. ನೀನೂ ಹೇಳಿಕೋ. ಶನಿವಾರ ಬಾ, ನನ್ನ ತಲೆ ನೋಡಿ ಅತ್ತು ಮುಗಿಸು, ಸೋಮವಾರ ಸಹಿ ಹಾಕು.

ನಿನ್ನ ಮಗಳು


ಮೇ 26, ಮಂಗಳವಾರ

ಮಗಳೇ,

ನಿನ್ನ ಪತ್ರ ಬಂದು ಹದಿನೆಂಟು ದಿನವಾಯಿತು. ಐದು ಸಲ ಉತ್ತರ ಬರೆದೆ. ಐದರಲ್ಲೂ ಅಯ್ಯೋ ನನಗೆ ಗೊತ್ತೇ ಇರಲಿಲ್ಲವಲ್ಲ ಎಂದು ಬರೆದಿದ್ದೆ. ಐದನ್ನೂ ಒಲೆಗೆ ಹಾಕಿದೆ. ಇದು ಆರನೆಯದು.

ನನಗೆ ಗೊತ್ತಿತ್ತು.

ನಿನಗೆ ಹದಿಮೂರು ತುಂಬಿದ ವರ್ಷ. ಒಂದು ಭಾನುವಾರ ಮುಂದಿನ ಸಾಲು ಬಿಚ್ಚುವಾಗ ಹಣೆಯ ಅಂಚಿನಲ್ಲಿ ಸಾಸಿವೆಯಂಥ ಬಿಳಿ ಗುಳ್ಳೆ ಕಂಡೆ. ಬಾಚಣಿಗೆಯಲ್ಲಿ ಬಂದ ಕೂದಲಿನ ತುದಿಗೆ ಬಿಳಿಯ ಬುಡ ಇತ್ತು. ಉದುರಿದ ಕೂದಲಿಗೂ ಕಿತ್ತು ಬಂದ ಕೂದಲಿಗೂ ವ್ಯತ್ಯಾಸ ಗೊತ್ತಿಲ್ಲದಷ್ಟು ಹೊಸಬಳಲ್ಲ ನಾನು. ಅದೇ ವಾರ ಹೆರಿಗೆ ಆಸ್ಪತ್ರೆಯ ನರ್ಸಮ್ಮ ಜಡೆಗೆ ಬಂದಿದ್ದರು. ನಿನ್ನನ್ನು ಬೆಳಕಿಗೆ ಕರೆದು ನೋಡಿದರು. ನಿನ್ನನ್ನು ಹೊರಗೆ ಕಳಿಸಿ, "ಈ ಮಗು ತಲೆ ಒಂದು ವರ್ಷ ಬಿಟ್ಬಿಡಿ. ಬೇರು ಕಿತ್ತು ಬರ್ತಿದೆ. ಈಗ ಬಿಟ್ರೆ ಬರುತ್ತೆ, ಇಲ್ದಿದ್ರೆ ಮತ್ತೆ ಬರಲ್ಲ" ಅಂದರು. ಇಷ್ಟೇ ಸ್ಪಷ್ಟವಾಗಿ ಹೇಳಿದರು. "ಆಯ್ತು ಸಿಸ್ಟರ್" ಅಂದೆ.

ಆ ತಿಂಗಳು ಎದುರು ಸಾಲಿನಲ್ಲಿ ಇನ್ನೊಂದು ಜಡೆ ಅಂಗಡಿ ತೆರೆದಿತ್ತು. ನಾಲ್ಕು ಕುರ್ಚಿ, ಬಣ್ಣದ ದೀಪ. ನಮ್ಮ ಕಿಟಕಿಯಲ್ಲಿ ಬೋಳು ಜಾಗ ಇರುವ ತಲೆ ಕೂರಿಸಲು ಆಗುತ್ತಿರಲಿಲ್ಲ, ತಲೆಯನ್ನೇ ತೆಗೆಯಲೂ ಆಗುತ್ತಿರಲಿಲ್ಲ. ಒಂದು ವಾರ ಕಳೆಯಲಿ, ಎರಡು ವಾರ ಕಳೆಯಲಿ ಎಂದುಕೊಂಡೆ. ತೆಳುವಾದ ಜಾಗ ಮುಚ್ಚಲು ಸ್ವಲ್ಪ ಹಿಂದಿನ ಕೂದಲನ್ನು ಮುಂದಕ್ಕೆ ಎಳೆದು, ಅದಕ್ಕೆ ಎರಡರಷ್ಟು ಚೌರಿ ಗಂಟು ಹಾಕಿದೆ. ಅದು ಇನ್ನಷ್ಟು ಭಾರವಾಯಿತು. ಇನ್ನಷ್ಟು ಹಿಂದಿನದು ಕಿತ್ತು ಬಂತು. ಮತ್ತೆ ಅದನ್ನು ಮುಚ್ಚಲು ಇನ್ನೂ ಹಿಂದಿನದನ್ನು ಎಳೆದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಅನ್ನುತ್ತಾರೆ. ನಾನು ಕಣ್ಣು ತೆರೆದುಕೊಂಡೇ ಮಾಡಿದೆ. ನೀನು ನೋವು ಅಂದರೆ "ಎರಡು ದಿನ, ಆಮೇಲೆ ಅಭ್ಯಾಸ ಆಗುತ್ತೆ" ಅಂದೆ. ನೀನು ಊರು ಬಿಡುವವರೆಗೆ ನಾಲ್ಕು ವರ್ಷ ಹೀಗೇ ನಡೆಯಿತು.

ಇನ್ನೂ ಇದೆ. ಗಿರಾಕಿಗಳು ಕೇಳಿದರೆಂದು ನಾನು ಪಾಠಕ್ಕೆ ಸೇರಲಿಲ್ಲ. ಜನವರಿಯಲ್ಲಿ ನಿನ್ನ ಚಿಕ್ಕಮ್ಮ ಫೋನಿನಲ್ಲಿ ಮಾತಿನ ನಡುವೆ, "ಅವಳು ಯಾವಾಗ್ಲೂ ತಲೆಗೆ ಬಟ್ಟೆ ಕಟ್ಕೊಂಡಿರ್ತಾಳೆ ಕಣಕ್ಕ, ಅದೇನು ಫ್ಯಾಷನ್ನೋ" ಅಂದಳು. ಏನೆಂದು ನನಗೆ ಆ ಕ್ಷಣವೇ ಹೊಳೆಯಿತು. ಮೆದುವಾಗಿ ಹಾಕುವುದನ್ನು ಕಲಿತರೆ, ನಿನ್ನ ಕೂದಲನ್ನು ಮತ್ತೆ ಬೆಳೆಸಬಹುದು ಎಂದುಕೊಂಡೆ. ಅಳತೆ ಕೇಳಿದ್ದು ಎಷ್ಟು ಉಳಿದಿದೆ ಎಂದು ತಿಳಿಯಲು. ನಿನಗೆ ನನ್ನ ಕೆಲಸ ನಾಚಿಕೆ ಎಂದು ಬರೆದದ್ದು ನೀನು ಸಿಟ್ಟಾಗಿ ನಿಜ ಹೇಳಿಬಿಡುತ್ತೀಯ ಎಂದು. ನೀನು ಸಿಟ್ಟಾಗಲಿಲ್ಲ, ನಮೂನೆಯಲ್ಲಿ "ತಾಯಿ" ಎಂದು ಪೆನ್ಸಿಲಿನಲ್ಲಿ ಬರೆದೆ.

ಸುಮ್ಮನೆ ಬಂದು ಸಹಿ ಹಾಕಿ ಬರಬಹುದಿತ್ತು. ಅಮ್ಮನಿಗೆ ಗೊತ್ತಿರಲಿಲ್ಲ ಎಂಬ ಮಾತಿನ ಮೇಲೆಯೇ ನಿಂತಿದ್ದೇನೆ ಎಂದು ನೀನೇ ಬರೆದ ಮೇಲೆ, ಅದರ ಪಕ್ಕದಲ್ಲಿ ಸಾಕ್ಷಿ ಎಂದು ನಿಲ್ಲಲು ನನ್ನಿಂದ ಆಗಲಿಲ್ಲ. ಹೇಳಿ ನಿನಗೆ ಒಳ್ಳೆಯದು ಮಾಡಿದೆನೋ ಇನ್ನೊಂದು ಕೆಟ್ಟದ್ದು ಮಾಡಿದೆನೋ ತಿಳಿಯುವುದಿಲ್ಲ.

ಅಮ್ಮ


ಜೂನ್ 3, ಬುಧವಾರ

ಅಮ್ಮಾ,

ಪತ್ರ ಶನಿವಾರ ಬಂತು. ನಾಲ್ಕು ದಿನ ಬಿಟ್ಟು ಬರೆ, ಸಿಟ್ಟಿನಲ್ಲಿ ಬರೆಯಬೇಡ ಎಂದು ಅವರು ಹೇಳಿದರು. ನಾಲ್ಕು ದಿನ ಬಿಟ್ಟೆ. ಏನೂ ಬದಲಾಗಲಿಲ್ಲ.

ನರ್ಸಮ್ಮ ಬಂದ ದಿನ ನನಗೆ ನೆನಪಿದೆ. ನೀನು ನನ್ನನ್ನು ಹಾಲು ತರಲು ಕಳಿಸಿದ್ದೆ. ಅವರು ಹೋದ ಮೇಲೆ, "ಸಿಸ್ಟರ್ ನನ್ನ ತಲೆ ನೋಡಿ ಏನಂದ್ರು?" ಎಂದು ಕೇಳಿದ್ದೆ. "ಇಂಥ ಕೂದಲು ಎಲ್ಲೂ ನೋಡಿಲ್ಲ ಅಂದ್ರು" ಅಂದೆ ನೀನು. ನಾನು ಅದನ್ನು ಶಾಲೆಯಲ್ಲಿ ಎಲ್ಲರಿಗೂ ಹೇಳಿದೆ. ದೊಡ್ಡಾಸ್ಪತ್ರೆಯ ಸಿಸ್ಟರ್ ಹೇಳಿದ್ದು ಎಂದು ಸೇರಿಸಿ ಹೇಳಿದೆ. ಇಷ್ಟು ವರ್ಷವೂ ನನ್ನ ಬಗ್ಗೆ ಯಾರಾದರೂ ಆಡಿದ ಒಳ್ಳೆಯ ಮಾತು ಯಾವುದು ಎಂದರೆ ನನಗೆ ಮೊದಲು ನೆನಪಾಗುತ್ತಿದ್ದುದು ಅದು.

ನಾಲ್ಕು ವರ್ಷ ಎಂದರೆ ಇನ್ನೂರು ಭಾನುವಾರ. ಪ್ರತಿ ಭಾನುವಾರ ಕುರ್ಚಿಗೆ ಹತ್ತುವ ಮೊದಲು ನಾನು "ಇವತ್ತು ಮೆಲ್ಲಗೆ ಹಾಕ್ತೀಯಾ?" ಎಂದು ಕೇಳುತ್ತಿದ್ದೆ. ನೀನು ಹೂಂ ಅನ್ನುತ್ತಿದ್ದೆ. ನೀನು ಒಂದು ಸಲ ಸೋತಿದ್ದರೆ, ಹತ್ತು ಸಲ ಸೋತಿದ್ದರೆ ನನಗೆ ಅರ್ಥವಾಗುತ್ತಿತ್ತು. ಬೀದಿಗೆ ಬೀಳುವ ಭಯ ಏನೆಂದು ನನಗೂ ಗೊತ್ತು, ಅದೇ ಮನೆಯಲ್ಲಿ ಬೆಳೆದವಳು. ಇನ್ನೂರಕ್ಕೆ ನನ್ನ ಹತ್ತಿರ ಅರ್ಥ ಇಲ್ಲ.

ಹೇಳಿದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದ್ದೀಯ. ನನಗೂ ತಿಳಿಯುತ್ತಿಲ್ಲ. ನೀನು ಸುಳ್ಳು ಹೇಳಿದ್ದರೆ ಸೋಮವಾರ ನಿನ್ನ ಪಕ್ಕ ನಿಂತು ನಗುತ್ತಿದ್ದೆ. ಆ ಸೋಮವಾರ ನನಗೆ ಬೇಕಾಗಿತ್ತು.

ಚಿಕ್ಕಮ್ಮ ಸಹಿ ಹಾಕುತ್ತಾಳೆ. ಖಾನೆಯಲ್ಲಿ ತಿದ್ದಿದ್ದೇನೆ. ಹದಿನೈದರಂದು ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಸರದಿ. ನೀನು ಬರಬೇಡ. ಎಂದಿಗೂ ಬರಬೇಡ ಎಂದು ನಾನು ಹೇಳುತ್ತಿಲ್ಲ. ಯಾವಾಗ ಬಾ ಎಂದೂ ಹೇಳಲು ಆಗುತ್ತಿಲ್ಲ.

ಬೆರಳಿಗೆ ಬಟ್ಟೆ ಬಿಗಿಯಾಗಿ ಕಟ್ಟಬೇಡ, ರಕ್ತ ನಿಲ್ಲುತ್ತದೆ.

ನಿನ್ನ ಮಗಳು


ಜೂನ್ 10, ಬುಧವಾರ

ಮಗಳೇ,

ಪತ್ರ ಸಿಕ್ಕಿತು. ಬರುವುದಿಲ್ಲ. ಶುಕ್ರವಾರದ ಬಸ್ಸಿನ ಸೀಟು ಬಿಟ್ಟುಕೊಟ್ಟೆ.

ನಿನ್ನ ಚಿಕ್ಕಮ್ಮನಿಗೆ ಫೋನ್ ಮಾಡಿ, ನನಗೆ ಮೈ ಸರಿಯಿಲ್ಲ, ನೀನೇ ಅವಳ ಪಕ್ಕ ನಿಲ್ಲಬೇಕು ಎಂದೆ. "ಏನಾಗಿದೆ ಅಕ್ಕ?" ಎಂದು ಹತ್ತು ಸಲ ಕೇಳಿದಳು. ಉಳಿದದ್ದನ್ನು ಅವಳಿಗೆ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಹೇಳಿದರೆ ನನ್ನ ಕಡೆಯಿಂದ ಒಂದು ಮಾತೂ ಅಡ್ಡ ಬರುವುದಿಲ್ಲ.

ಟೀಚರಮ್ಮನಿಗೆ ಹೇಳಿದೆ, ನಿನ್ನೆ ಪಾಠ ಮುಗಿದ ಮೇಲೆ. ಉಳಿದವರು ಹೋಗಿದ್ದರು. ನನ್ನ ಮಗಳ ಮುಂದಲೆ ಹೀಗಾಗಿದೆ, ನಾನೇ ಮಾಡಿದ್ದು, ಗೊತ್ತಿದ್ದೂ ಮಾಡಿದ್ದು ಅಂದೆ. ಅವಳು ಕಾಗದದ ಪಟ್ಟಿಗಳನ್ನು ಡಬ್ಬಿಗೆ ಹಾಕುತ್ತಿದ್ದಳು, ಹಾಕುವುದನ್ನು ನಿಲ್ಲಿಸಲಿಲ್ಲ. "ನಮ್ಮಮ್ಮಂಗೆ ಗೊತ್ತಿತ್ತೋ ಇಲ್ವೋ ನಾನು ಕೇಳ್ಲೇ ಇಲ್ಲ ಆಂಟಿ" ಅಂದಳು. ಯಾವಾಗಲೂ ಕಟ್ಟಿಕೊಂಡಿರುವ ತಲೆಯ ಬಟ್ಟೆ ಸರಿಸಿ ತೋರಿಸಿದಳು. ಅವಳಿಗೂ ಕಿವಿಯ ಮೇಲೆ ಎರಡು ಬೆರಳಗಲ ಇಲ್ಲ. ನಾಲ್ಕು ತಿಂಗಳು ಅವಳೆದುರು ಕೂತಿದ್ದರೂ ಆ ಬಟ್ಟೆ ಯಾಕೆಂದು ನಾನು ಯೋಚಿಸಿರಲಿಲ್ಲ.

ಹೋದ ವಾರ ಒಬ್ಬ ತಾಯಿ ಏಳು ವರ್ಷದ ಹುಡುಗಿಯನ್ನು ಕರೆತಂದಿದ್ದಳು. "ಬಿಗಿಯಾಗಿ ಹಾಕಿ, ಎರಡು ತಿಂಗಳು ಬಿಚ್ಚೋ ಹಾಗಿರ್ಬಾರ್ದು" ಅಂದಳು. ಬಿಗಿ ಹಾಕುವುದಿಲ್ಲ, ಗಂಟಿಲ್ಲದ್ದೇ ಹಾಕುತ್ತೇನೆ, ಮೂರು ವಾರಕ್ಕೆ ಬಿಚ್ಚಬೇಕು, ಆಮೇಲೆ ಒಂದು ತಿಂಗಳು ತಲೆ ಖಾಲಿ ಬಿಡಬೇಕು ಎಂದೆ. "ಹಾಗಾದ್ರೆ ನಿಮ್ಮ ಹತ್ರ ಯಾಕೆ ಬರ್ಬೇಕು?" ಎಂದು ಎದುರಿನ ಅಂಗಡಿಗೆ ಹೋದಳು. ಹುಡುಗಿಯ ಹುಬ್ಬು ಮೇಲೇರಿದ್ದನ್ನು ಇಲ್ಲಿಂದಲೇ ನೋಡಿದೆ. ಎದ್ದು ಹೋಗಿ ಹೇಳಲಿಲ್ಲ. ಮಾರನೆಯ ದಿನ ಹೋಗಿ ಆ ಅಂಗಡಿಯವಳಿಗೆ ಹೇಳಿದೆ. ಗಿರಾಕಿ ಕಳೆದುಕೊಂಡ ಹೊಟ್ಟೆಕಿಚ್ಚು ಎಂದುಕೊಂಡಳು. ಇದನ್ನು ನೀನು ಮೆಚ್ಚಲಿ ಎಂದು ಬರೆಯುತ್ತಿಲ್ಲ. ಆದದ್ದನ್ನು ಆದ ಹಾಗೆ ಬರೆಯುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದೇನೆ.

ನರ್ಸಮ್ಮ ಏನಂದರು ಎಂದು ನೀನು ಕೇಳಿದ್ದು, ನಾನು ಹಾಗೆ ಹೇಳಿದ್ದು, ನನಗೆ ನೆನಪೇ ಇರಲಿಲ್ಲ. ನಿನ್ನ ಪತ್ರ ಓದಿದ ಮೇಲೆ ನೆನಪಾಯಿತು. ಹಾಲಿನ ಪಾತ್ರೆ ಹಿಡಿದುಕೊಂಡು ನಿಂತಿದ್ದೆ ನೀನು. ನಗುತ್ತಿದ್ದೆ. ನಾನೂ ನಕ್ಕೆ.

ನೀನು ಬರೆದರೆ ಓದುತ್ತೇನೆ. ಬರೆಯದಿದ್ದರೆ ಕೇಳುವುದಿಲ್ಲ. ಅವರಿಗೆ ನನ್ನ ಆಶೀರ್ವಾದ ಹೇಳು, ಹೇಳಬೇಕೆನ್ನಿಸಿದರೆ.

ಹದಿನೈದರಂದು ಸೋಮವಾರ ಅಂಗಡಿ ಒಂಬತ್ತಕ್ಕೆ ತೆರೆಯುತ್ತದೆ. ಅವತ್ತು ಒಬ್ಬರೇ ಗಿರಾಕಿ. ಹತ್ತೂವರೆಗೆ ಬರುತ್ತಾರೆ. ಗಂಟಿಲ್ಲದ ಜಡೆ, ಏಳು ಗಂಟೆ ಹಿಡಿಯುವ ಕೆಲಸ.

ಅಮ್ಮ